ಕಬ್ಬಿಣದೊಳಗಿನ ಹೆಬ್ಬೆರಳು

ಚಹಾದ ಬಟ್ಟಲನ್ನು ಉಗುರಿನಿಂದ ಒಮ್ಮೆ ತಟ್ಟಿ ನೋಡದೆ ಬಾಯಿಗಿಟ್ಟವನಲ್ಲ ಅವನು. ಆ ಬೆಳಿಗ್ಗೆಯೂ ತಟ್ಟಿದ. ಬಟ್ಟಲು ಟಪ್ ಎಂದು ಸತ್ತ ದನಿ ಕೊಟ್ಟಿತು.

"ಬಿರುಕು ಬಿಟ್ಟಿದೆ," ಎಂದ.

"ಯಾವುದು, ಬಟ್ಟಲೋ, ನಾನೋ?" ಒಲೆಯ ಕಡೆಯಿಂದ ಮುಖ ತಿರುಗಿಸದೆ ಹೆಂಡತಿ ಕೇಳಿದಳು.

ಕೆಳಗೆ ಅಂಗಳದಲ್ಲಿ ಸರಪಳಿ ರಾಟೆ ಕಿರುಗುಡುತ್ತಿತ್ತು. ಅವಳ ತಮ್ಮ, ಅಂದರೆ ಅವನ ಮೈದುನ, ಬೆಳಗಾಗುವುದನ್ನೇ ಕಾದಿದ್ದವನಂತೆ ಯಾವುದೋ ಮುದಿ ಕಾರಿನ ಹೊಟ್ಟೆ ಬಗೆಯಲು ಶುರುಮಾಡಿದ್ದ. ಹಳೆಯ ಕಾರುಗಳ ಎಂಜಿನ್ ಬ್ಲಾಕುಗಳನ್ನು, ಅಂದರೆ ಎಂಜಿನ್ನಿನ ಎರಕದ ಒಡಲುಗಳನ್ನು, ಕೊಳ್ಳುವುದು, ತೊಳೆಯುವುದು, ಮಾರುವುದು ಮೈದುನನ ವ್ಯಾಪಾರ. ಅವುಗಳಲ್ಲಿ ಯಾವುದು ಇನ್ನೂ ಬಾಳೀತು, ಯಾವುದು ಸತ್ತಿದೆ ಎಂದು ಹೇಳುವುದು ಇವನ ಕೆಲಸ. ಅಂಗಡಿ ಮೈದುನನದು, ಮೇಲಿನ ಈ ಎರಡು ಕೋಣೆಗಳು ಮೈದುನನವು, ಬಿರುಕು ಬಿಟ್ಟ ಬಟ್ಟಲೂ ಬಹುಶಃ ಅವನದೇ. ತೀರ್ಪು ಮಾತ್ರ ಇವನದು. ಸುತ್ತಿಗೆಯ ಸದ್ದಿನ ಮೇಲೆ ಬೀದಿಯವರು ಇವನಿಗೆ ಠಣ್ಣಣ್ಣ ಎಂದು ಹೆಸರಿಟ್ಟಿದ್ದರು, ಎದುರಿಗೆ ಹಾಗೆ ಕರೆಯುವ ಎದೆ ಯಾರಿಗೂ ಇರಲಿಲ್ಲ. ಅವನು ಒಂದು ಬ್ಲಾಕಿನ ಮೇಲೆ ಬಾಳುತ್ತದೆ ಎಂದು ಸೀಮೆಸುಣ್ಣದಲ್ಲಿ ಸೊನ್ನೆ ಸುತ್ತಿದನೆಂದರೆ ಯಾವ ಮೆಕ್ಯಾನಿಕ್ಕೂ ಮರುಮಾತಾಡುತ್ತಿರಲಿಲ್ಲ. ಸತ್ತಿದೆ ಎಂದು ಕತ್ತರಿ ಗುರುತು ಹಾಕಿದನೋ, ಆಗ ಬೀದಿಯ ಕಟ್ಟಳೆಯಿತ್ತು: ಗುರುತು ಹಾಕಿದವನೇ, ಅಲ್ಲೇ, ನಾಲ್ಕು ಜನರೆದುರು ಸಮ್ಮಟಿಗೆ ಎತ್ತಿ ಆ ಬ್ಲಾಕಿನ ಕಿವಿ ಮುರಿಯಬೇಕು. ಕಿವಿ ಎಂದರೆ ಬ್ಲಾಕನ್ನು ಗಾಡಿಗೆ ಬಿಗಿಯಲು ಪಕ್ಕಕ್ಕೆ ಚಾಚಿಕೊಂಡಿರುವ ದಪ್ಪ ಕಬ್ಬಿಣ. ಕಿವಿ ಹೋದ ಬ್ಲಾಕಿಗೆ ಬಣ್ಣ ಬಳಿದು ಇನ್ನೊಬ್ಬರ ತಲೆಗೆ ಕಟ್ಟುವಂತಿಲ್ಲ. ಕೆಟ್ಟ ಎರಕ ಒಂದೇ ಪೆಟ್ಟಿಗೆ ಬಿಸ್ಕತ್ತಿನ ಹಾಗೆ ಮುರಿದು ಬೀಳುತ್ತದೆ. ಮುರಿಯುವ ಆ ಕ್ಷಣ ಅವನಿಗೆ ಇಷ್ಟ. ಲೋಕದಲ್ಲಿ ಇಷ್ಟೊಂದು ಹುಳುಕು ಬಣ್ಣ ಬಳಿದುಕೊಂಡು ಓಡಾಡುತ್ತಿರುವಾಗ ಒಂದಾದರೂ ತನ್ನ ಕೈಯಲ್ಲಿ ಬಯಲಾಯಿತಲ್ಲ ಎಂಬ ಹಟದ ಸುಖ ಅದು.

ಅವನು ಬಟ್ಟಲನ್ನು ಹಾಗೇ ಬಿಟ್ಟು ಎದ್ದ. "ಇವತ್ತು ಕಾರ್ಯದರ್ಶಿ ಬರ್ತಾರೆ," ಎಂದ, ಯಾರಿಗೋ ಎಂಬಂತೆ. ಹೆಂಡತಿಯ ಬೆನ್ನು ಒಂದು ಗಳಿಗೆ ಅಲುಗದೆ ನಿಂತಿತು. "ಗೊತ್ತು," ಎಂದಳು. ಆಮೇಲೆ ಚಹಾ ಚೆಲ್ಲಿ ಬಟ್ಟಲು ತೊಳೆದು, ಬಿರುಕು ಗೋಡೆಯ ಕಡೆ ಇರುವಂತೆ ಕಪಾಟಿನಲ್ಲಿ ಇಟ್ಟಳು. ಅವಳು ಯಾವುದನ್ನೂ ಎಸೆಯುವವಳಲ್ಲ. ತಿರುಗಿಸಿ ಇಡುವವಳು.

ಕಾರ್ಯದರ್ಶಿ ಎಂದರೆ ಇಂಥ ಬ್ಲಾಕುಗಳನ್ನು ಎರೆಯುತ್ತಿದ್ದ ಎರಕದ ಕಾರ್ಖಾನೆಯ ಕಾರ್ಮಿಕ ಸಂಘದ ಕಾರ್ಯದರ್ಶಿ. ಕಾರ್ಖಾನೆ ಮುಚ್ಚಿ ಅದರ ಚಿಮಣಿಯನ್ನೂ ಕೆಡವಿ ಮಾರಿದ್ದಾಯಿತು, ಸಂಘ ಮಾತ್ರ ಒಬ್ಬ ಮುದುಕ ಮತ್ತು ಒಂದು ಮುದಿ ಕಾರಿನ ರೂಪದಲ್ಲಿ ಇನ್ನೂ ಉಸಿರಾಡುತ್ತಿತ್ತು. ದೊಡ್ಡ ಮುಷ್ಕರದ ದಿನಗಳಲ್ಲಿ ಆ ಕಾರು ಗೇಟಿನ ಮುಂದೆ ಕೂತವರಿಗೆ ಗಂಜಿಯ ಹಂಡೆ ಹೊತ್ತು ತರುತ್ತಿತ್ತು. ಈಗಲೂ ವರ್ಷಕ್ಕೊಂದು ಸಲ ಪಾಳು ಗೇಟಿನ ಮುಂದೆ ಮುದುಕರು ಸೇರುತ್ತಾರೆ, ಕೊನೆಯವರೆಗೆ ಹೊರಗೇ ನಿಂತವರ ಹೆಸರುಗಳನ್ನು ಕಾರ್ಯದರ್ಶಿ ಒಂದೊಂದಾಗಿ ಕೂಗುತ್ತಾರೆ. ಎರಕದ ಅಚ್ಚು ಕಟ್ಟುತ್ತಿದ್ದ, ಈಗ ಇಲ್ಲದ ಇವನ ಅಪ್ಪನ ಹೆಸರು ಬಂದಾಗ ಇವನು ಎದೆಯುಬ್ಬಿಸಿ "ಇದ್ದಾನೆ" ಎನ್ನುತ್ತಾನೆ. ಅವನಿಗೆ ಇದ್ದ ಆಸ್ತಿ ಅದೊಂದೇ. ಹೊರಗೆ ನಿಂತವನ ಮಗ. ಉಳಿದವರೆಲ್ಲ ಏನು? ಮಾವ, ಹೆಂಡತಿಯ ಅಪ್ಪ, ಅದೇ ಕಾರ್ಖಾನೆಯ ಗೇಟಿನ ಕಾವಲುಗಾರ. ಮುಷ್ಕರದ ರಾತ್ರಿಗಳಲ್ಲಿ ಹಿಂದಿನ ಗೇಟು ತೆಗೆದು, ಮುಷ್ಕರ ಮುರಿದು ಕೆಲಸಕ್ಕೆ ಬಂದ ಹೊಟ್ಟೆಬಾಕರನ್ನು ಒಳಗೆ ಬಿಟ್ಟವನು. ಅದಕ್ಕೆ ಕಂಪನಿ ಕೊಟ್ಟ ಬಹುಮಾನ ಗುಜರಿಯ ಗುತ್ತಿಗೆ, ಆ ಗುತ್ತಿಗೆಯ ಮಗುವೇ ಈ ಅಂಗಡಿ. ಅದರ ಅನ್ನವನ್ನೇ ತಾನೂ ಉಣ್ಣುತ್ತಿದ್ದೇನೆ ಎಂಬುದು ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ಬೈದು ಉಂಡರೆ ಋಣ ಹತ್ತುವುದಿಲ್ಲ ಎಂದು ಅವನು ನಂಬಿದ್ದ.

ಮೆಟ್ಟಿಲಿಳಿದು ಬರುವಷ್ಟರಲ್ಲಿ ಬೀದಿಯ ಕಡೆಯಿಂದ ಕಾರ್ಯದರ್ಶಿ ಬಂದ ಬಾಡಿಗೆ ಗೂಡ್ಸ್ ಗಾಡಿಯ ಹಾರನ್ನು ಕೇಳಿಸಿತು. ಅಂಗಳದ ತುಂಬ ಎಣ್ಣೆಯ ಕೊಚ್ಚೆ, ಅದರ ಮೇಲೆ ಉದುರಿಸಿದ ಮರದ ಹೊಟ್ಟು. ಗೋಡೆಗೊರಗಿಸಿದ ಬ್ಲಾಕುಗಳು ಹಲ್ಲು ಕಿತ್ತ ದವಡೆಗಳಂತೆ ಬಾಯಿ ತೆರೆದು ಕೂತಿದ್ದವು.

"ಭಾವ, ಇವತ್ತು ಸ್ವಲ್ಪ ನಾಲಿಗೆ ಬಿಗಿ ಹಿಡೀರಿ," ಎಂದ ಮೈದುನ, ಕೈಯೊರೆಸಿಕೊಳ್ಳುತ್ತ. "ದೊಡ್ಡ ಮನುಷ್ಯರು ಬಂದಿದ್ದಾರೆ."

"ದೊಡ್ಡವರ ಮುಂದೆ ನನ್ನ ನಾಲಿಗೆ ತಾನಾಗೇ ನಿಲ್ಲುತ್ತೆ. ನಿನ್ನಂಥೋರನ್ನ ಕಂಡ್ರೇನೇ ಅದಕ್ಕೆ ತುರಿಕೆ. ನೋಡ್ತಾ ನಿಂತ್ಯಲ್ಲ, ಹೋಗಿ ಗೇಟು ತೆಗಿ. ನಿಮ್ಮ ಮನೆತನದ ಕಸುಬು ತಾನೇ?"

ಮೈದುನ ನಕ್ಕ. ಈ ಮಾತನ್ನು ಅವನು ಮೀಸೆ ಮೂಡುವ ಮೊದಲಿನಿಂದ ಕೇಳಿದ್ದಾನೆ. ಪ್ರತಿಸಲವೂ ಹೀಗೇ, ತುಟಿಯ ಒಂದು ಬದಿಯಲ್ಲಿ ನಗುತ್ತಾನೆ, ಹೋಗಿ ಹೇಳಿದ್ದನ್ನು ಮಾಡುತ್ತಾನೆ. ಆ ನಗು ಇವನ ಮೈಯನ್ನು ಉರಿಸುತ್ತಿತ್ತು. ಬೈಗುಳಕ್ಕೆ ಬೈಗುಳ ಬಂದರೆ ಲೆಕ್ಕ ಚುಕ್ತಾ. ಬಾರದೆ ಹೋದರೆ ಎಲ್ಲೋ ಬಡ್ಡಿ ಬೆಳೆಯುತ್ತಿರುತ್ತದೆ.

ಕಾರ್ಯದರ್ಶಿ ಕೋಲೂರಿಕೊಂಡು ಬಂದರು. "ಏನಪ್ಪಾ, ಹೊರಗೆ ನಿಂತವನ ಮಗನೇ," ಎಂದು ಹೆಗಲ ಮೇಲೆ ಕೈಯಿಟ್ಟರು. ಕೈ ಹಗುರವಾಗಿತ್ತು, ಒಣಗಿದ ಎಲೆಯಷ್ಟು. "ನಮ್ಮ ಮುದುಕಿ ಕೊನೇ ಉಸಿರು ಎಳೀತಿದ್ದಾಳೆ. ಬ್ಲಾಕು ಸೀಳಿ ನೀರೂ ಎಣ್ಣೆಯೂ ಒಂದಾಗಿ ಮಜ್ಜಿಗೆ ಆಗಿದೆ. ಅವಳಿಗೊಂದು ಹೊಸ ಗುಂಡಿಗೆ ಹುಡುಕಿ ಕೊಡು. ನಿನ್ನ ಸೊನ್ನೆ ಇಲ್ಲದ್ದು ನನಗೆ ಬೇಡ."

ಆ ಜಾತಿಯ ಬ್ಲಾಕು ಅಂಗಳದಲ್ಲಿ ಇದ್ದದ್ದು ಒಂದೇ. ಎಲ್ಲಿಂದಲೋ ಬಂದ ರಾಶಿಯಲ್ಲಿ ಸಿಕ್ಕಿದ್ದು, ಮೈಯೆಲ್ಲ ಗ್ರೀಸಿನ ಹೆಪ್ಪು, ಅದರ ಮೇಲೆ ಯಾರೋ ಎಡಗೈಯಲ್ಲಿ ಬಳಿದ ಹಸಿರು ಬಣ್ಣ. ಮೈದುನ ಅದನ್ನು ರಾಟೆಯಿಂದ ಎತ್ತಿ ಮರದ ದಿಮ್ಮಿಗಳ ಮೇಲೆ ಇಳಿಸಿದ. ಎಂಜಿನ್ನಿನ ನಂಬರು ಕೊರೆದಿದ್ದ ನೆತ್ತಿಯ ಕಡೆ ಇವನು ನೋಡಲೂ ಇಲ್ಲ. ಕೊರೆದ ನಂಬರನ್ನು ಯಾರು ಬೇಕಾದರೂ ಉಜ್ಜಿ ಬೇರೆ ಕೊರೆಯಬಹುದು, ಅದು ಮದುವೆ ಮನೆಯಲ್ಲಿ ಹೇಳುವ ವಯಸ್ಸಿದ್ದ ಹಾಗೆ. ಎರಕದ ಜೊತೆಗೇ ಹುಟ್ಟಿ ಉಬ್ಬಿಕೊಂಡ ಅಕ್ಷರ ಸುಳ್ಳು ಹೇಳುವುದಿಲ್ಲ. ತಂತಿಯ ಬ್ರಷ್ಷಿನಿಂದ ಪಕ್ಕೆಯನ್ನು ತಿಕ್ಕಿದ. ಹಸಿರು ಹೋಯಿತು, ಕಪ್ಪು ಹೋಯಿತು, ಬೂದಿಬಣ್ಣದ ಕಬ್ಬಿಣದಲ್ಲಿ ವರ್ಷದ ಅಂಕೆ ಎದ್ದಿತು, ಪಕ್ಕದಲ್ಲಿ ತಿಂಗಳ ಅಕ್ಷರ.

ಮುಷ್ಕರದ ತಿಂಗಳು.

ಈ ಬೀದಿಯಲ್ಲಿ ಆ ತಿಂಗಳುಗಳ ಎರಕಕ್ಕೆ 'ಒಳಗಿನವರ ಮಾಲು' ಎನ್ನುತ್ತಾರೆ. ಕಸುಬಿನವರೆಲ್ಲ ಹೊರಗೆ ಕೂತಿದ್ದಾಗ ಗುಮಾಸ್ತರು, ಜವಾನರು, ಬೇರೆ ಊರಿನಿಂದ ಲಾರಿಯಲ್ಲಿ ತುಂಬಿ ತಂದವರು ಸುರಿದ ಕಬ್ಬಿಣ. ಬ್ಲಾಕಿನ ಒಳಗೆ ನೀರು ಓಡಾಡುವ ಟೊಳ್ಳು ಬಿಡಲು ಮರಳಿನ ತಿರುಳು ಮಾಡಿ ಇಡಬೇಕು. ಇಡಲು ಬಾರದವನು ಇಟ್ಟರೆ ಕುದಿಯುವ ಕಬ್ಬಿಣದ ಒತ್ತಡಕ್ಕೆ ತಿರುಳು ಜಾರುತ್ತದೆ, ಸಿಲಿಂಡರಿನ ಒಂದು ಗೋಡೆ ದಪ್ಪ, ಇನ್ನೊಂದು ಹಪ್ಪಳ. ಹೊರಗಿನಿಂದ ನೋಡಿದರೆ ಏನೂ ಕಾಣದು. ಏರು ರಸ್ತೆಯಲ್ಲಿ, ಬಿಸಿಲಿನಲ್ಲಿ, ಗಾಡಿ ತುಂಬ ಜನರಿದ್ದಾಗ ಸೀಳುತ್ತದೆ.

"ಥೂ," ಎಂದರು ಕಾರ್ಯದರ್ಶಿ, ಕನ್ನಡಕ ಏರಿಸಿ ಅಕ್ಷರ ಓದಿ. "ಆ ಒಳಗಿನವರ ಕೈಯಿಂದ ನಮ್ಮ ಗಾಡಿಗೆ ಗುಂಡಿಗೆಯಾ? ಆದ್ರೂ ತಟ್ಟಪ್ಪಾ. ಕಟ್ಟಳೆ ಕಟ್ಟಳೆ."

ತಟ್ಟುವ ಮೊದಲೇ ಅವನ ಬಲಗೈ ಜೇಬಿನಲ್ಲಿ ಸೀಮೆಸುಣ್ಣ ಹಿಡಿದು ಕತ್ತರಿ ಗುರುತು ಹಾಕಲು ತಯಾರಾಗಿತ್ತು. ಎಡಗೈಯಿಂದ ಸಣ್ಣ ಸುತ್ತಿಗೆ ಎತ್ತಿ ಪಕ್ಕೆಗೆ ತಾಗಿಸಿದ, ಸಾಲ ಕೇಳಲು ಬಂದು ಬಾಗಿಲು ತಟ್ಟುವವನಷ್ಟು ಮೆಲ್ಲಗೆ.

ಠಣ್ಣ್... ಸದ್ದು ಎದ್ದಿತು, ನಿಂತಿತು, ಇಳಿಯಲೊಲ್ಲದು. ಗೋಡೆಗೊರಗಿದ ಉಳಿದ ದವಡೆಗಳೂ ಅದಕ್ಕೆ ಗುಂಯ್ ಎಂದವು. ಗೂಡ್ಸ್ ಗಾಡಿಯ ಚಾಲಕ ಬೀಡಿ ಹಚ್ಚಲು ಹೋದವನು ಕಡ್ಡಿ ಹಿಡಿದು ಹಾಗೇ ನಿಂತ. ಇನ್ನೊಂದು ಮೂಲೆ ತಟ್ಟಿದ, ಅದೇ. ಮೂಲೆ ಮೂಲೆಯೂ ಅದೇ. ಅವನಿಗೆ ಸಿಟ್ಟು ಬಂತು, ತನ್ನನ್ನು ಯಾರೋ ಗೇಲಿ ಮಾಡುತ್ತಿರುವಂತೆ. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಮೈಯೊರೆಸಿ, ಒಣಗಿಸಿ, ಸುಣ್ಣದ ಪುಡಿ ಉಜ್ಜಿ ಕಾದ. ಕೂದಲೆಳೆಯ ಬಿರುಕಿದ್ದರೂ ಹೀರಿದ ಎಣ್ಣೆಯನ್ನು ಅದು ಕಕ್ಕಲೇಬೇಕು, ಬಿಳಿಯ ಮೇಲೆ ಒದ್ದೆ ಗೆರೆ ಮೂಡಲೇಬೇಕು. ಮೂಡಲಿಲ್ಲ. ಬ್ಲಾಕು ಮಡಿ ಉಟ್ಟವರಂತೆ ಬೆಳ್ಳಗೆ ಕೂತಿತ್ತು. ಗೋಡೆಗಳ ದಪ್ಪ ಅಳೆದ. ಸರಿ. ಸರಿ. ಸರಿ. ತಿರುಳು ಒಂದಿಷ್ಟೂ ಜಾರಿರಲಿಲ್ಲ. ಹೀಗೆ ಇಡಬಲ್ಲವರು ಆ ಕಾರ್ಖಾನೆಯಲ್ಲಿ ಬೆರಳೆಣಿಕೆಯಷ್ಟು, ಅವರೆಲ್ಲ ಹೊರಗಿದ್ದರು. ಹೊರಗೇ ಇದ್ದರಲ್ಲವೇ?

ಪಕ್ಕೆಯಲ್ಲಿ ನೀರಿನ ಕಿಂಡಿಯಿತ್ತು, ಅದರ ತಗಡಿನ ಮುಚ್ಚಳ ತುಕ್ಕು ಹಿಡಿದು ಉದುರಿಹೋಗಿತ್ತು. ಒಳಗೆ ಕೆಸರು ಕಟ್ಟಿದೆಯೇ ಎಂದು ನೋಡಲು ಎಲ್ಲರೂ ಅಲ್ಲಿ ಬೆರಳು ಹಾಕುತ್ತಾರೆ. ಅವನು ಬೆರಳು ಹಾಕುವುದು ಬೇರೆಯದಕ್ಕೆ. ಅವನ ಅಪ್ಪ ಹಸಿ ತಿರುಳನ್ನು ಒಲೆಗೆ ಕಳಿಸುವ ಮೊದಲು ಅದರ ಒಂದು ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ ಹದ ನೋಡುತ್ತಿದ್ದ. ಮರಳಿನಲ್ಲಿ ಬಿದ್ದ ಗುಳಿಗೆ ಕಬ್ಬಿಣ ತುಂಬಿದರೆ ಒಳಗಡೆ ಹೆಬ್ಬೆರಳೇ ಎದ್ದು ನಿಲ್ಲುತ್ತದೆ. ಅಪ್ಪನ ಉಗುರು ಯಾವುದೋ ಕೊಕ್ಕೆಗೆ ಸಿಕ್ಕಿ ನಡುವೆ ಸೀಳಿತ್ತು, ಸೀಳಿದ್ದು ಮತ್ತೆ ಕೂಡಲಿಲ್ಲ. ಆ ಸೀಳೂ ಎರಕದಲ್ಲಿ ಇರುತ್ತಿತ್ತು. ಮುಷ್ಕರಕ್ಕೆ ಮುಂಚಿನ ಎಷ್ಟೋ ಬ್ಲಾಕುಗಳಲ್ಲಿ ಅವನ ತೋರುಬೆರಳು ಕತ್ತಲಲ್ಲಿ ಆ ಹೆಬ್ಬೆರಳನ್ನು ಮುಟ್ಟಿತ್ತು. ಯಾರಿಗೂ ಹೇಳಿರಲಿಲ್ಲ, ಹೆಂಡತಿಗೂ. ಮುಟ್ಟಿ, ಬೆರಳು ಹೊರತೆಗೆದು, ಸೊನ್ನೆ ಸುತ್ತುತ್ತಿದ್ದ. ಲೋಕವೆಲ್ಲ ಹುಳುಕಾದರೂ ಒಂದು ಬೆರಳು ಗಟ್ಟಿಯಿತ್ತು.

ಈಗ ಬೆರಳು ಹಾಕಿದ. ತುಕ್ಕಿನ ಹುಡಿ, ತಣ್ಣಗಿನ ಗೋಡೆ, ತಿರುವು. ಅಲ್ಲಿ ಅದು ನಿಂತಿತ್ತು. ದುಂಡಗೆ, ತನ್ನ ಬೆರಳಿಗೆ ತಾಗಿ. ನಡುವೆ ಸೀಳು.

ವಾಸನೆ ಮೊದಲು ಬಂತು. ಅಗಸೆ ಎಣ್ಣೆಯಲ್ಲಿ ಕಲಸಿ ಸುಟ್ಟ ಮರಳಿನ ವಾಸನೆ, ಅಪ್ಪನ ಹೊದಿಕೆಯಲ್ಲಿ, ಅಪ್ಪನ ಕಂಕುಳಲ್ಲಿ. ಮುಷ್ಕರದ ದಿನಗಳು, ಅಪ್ಪ ಗೇಟಿನ ಮುಂದೆ ಕೂರಲು ಹೋಗಿ ಬೆಳಕು ಹರಿದ ಮೇಲೆ ಬಂದು ಮಗ್ಗುಲಲ್ಲಿ ಮಲಗುತ್ತಿದ್ದ, ರಾತ್ರಿಯಿಡೀ ಗೇಟಿನ ಹೊರಗೆ ಕೂತವನ ಮೈಯಲ್ಲಿ ಬೆಂದ ಮರಳಿನ ವಾಸನೆ ಎಲ್ಲಿಂದ ಬರಬೇಕು? ಆಗ ಹುಡುಗನಾಗಿದ್ದ ಅವನಿಗೆ ಮೂಗಿರಲಿಲ್ಲವೇ? ಇತ್ತು. ಮೂಗಿಗಿಂತ ಹೊಟ್ಟೆ ದೊಡ್ಡದಿತ್ತು. ಬೀದಿಯ ಮಕ್ಕಳೆಲ್ಲ ಸಂಘದ ಗಂಜಿಗೆ ಸಾಲು ನಿಂತಿದ್ದ ಹೊತ್ತು ಅವನ ತಟ್ಟೆಯಲ್ಲಿ ಒಂದು ದಿನ ಮೊಟ್ಟೆ ಬಂತು. ಅಮ್ಮ ಕಿಟಕಿ ಮುಚ್ಚಿ ಬಂದು ಬಡಿಸಿದಳು. "ಬೇಗ ತಿನ್ನು, ಮಾತಾಡ್ಬೇಡ," ಎಂದಳು. ಅವನು ಮಾತಾಡಲಿಲ್ಲ. ತಟ್ಟೆ ನೆಕ್ಕಿ, ಬಾಯೊರೆಸಿಕೊಂಡು, ಹೊರಗೆ ಹೋಗಿ ಒಳಗಿನವರ ಮಕ್ಕಳಿಗೆ ಕಲ್ಲು ಹೊಡೆದ. ಮೊದಲ ಕಲ್ಲು ತಾಗಿದ್ದು ಕಾವಲುಗಾರನ ಮಗಳಿಗೆ. ಹುಬ್ಬಿನ ಮೇಲೆ ಆ ಗುರುತು ಈಗಲೂ ಇದೆ, ದಿನಾ ಬೆಳಿಗ್ಗೆ ಚಹಾ ಕೊಡುವಾಗ ಕಾಣುತ್ತದೆ. ಮದುವೆಯ ಊಟಕ್ಕೆ ಕೂತಾಗ ಅವಳ ಅಪ್ಪ ಕೈಗೆ ನೀರು ಹಾಕಲು ಬಂದರೆ, "ಗೇಟು ತೆಗೆದ ಕೈಯಿಂದ ನೀರು ಬೇಡ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದ್ದ. ಎಂಥ ಮಾತು, ಎಂದು ಕಾರ್ಯದರ್ಶಿ ಬೆನ್ನು ತಟ್ಟಿದ್ದರು. ಅಪ್ಪ ಮಾತ್ರ ಅರ್ಧ ಊಟದಲ್ಲಿ ಎದ್ದಿದ್ದ. ಅಪ್ಪನೂ ಕಾವಲುಗಾರನೂ ಒಂದು ಗಳಿಗೆ ಒಬ್ಬರನ್ನೊಬ್ಬರು ನೋಡಿದ್ದರು. ಆ ನೋಟವನ್ನು ಅವನು ಇಷ್ಟು ವರ್ಷ ಹಗೆಯೆಂದು ಓದಿಕೊಂಡಿದ್ದ. ಎರಕದ ಅಕ್ಷರ ಬಿಟ್ಟರೆ ಬೇರೇನೂ ಓದಲು ಬಾರದವನು.

"ಏನಪ್ಪಾ, ಬೆರಳು ಸಿಕ್ಕಿಕೊಳ್ತಾ?" ಕಾರ್ಯದರ್ಶಿ ಕೇಳಿದರು.

ಅವನು ಬೆರಳು ಎಳೆದುಕೊಂಡ. ಸೀಮೆಸುಣ್ಣ ತೆಗೆದು, ಪಕ್ಕೆಯ ಮೇಲೆ, ಅಕ್ಷರದ ಮೇಲೇ, ಕತ್ತರಿ ಗುರುತು ಹಾಕಿದ. ಸುಣ್ಣ ಕಿರುಚಿತು. "ಕೆಟ್ಟಿದೆ. ಒಳಗೆ ತಿರುಳು ಜಾರಿದೆ."

"ಮತ್ತೆ ಇನ್ನೇನು! ಅವರ ಕೈಗುಣ!" ಮುದುಕರ ಮುಖದಲ್ಲಿ ಬ್ಲಾಕು ಸಿಗದ ಬೇಸರಕ್ಕಿಂತ ಗೆದ್ದ ಖುಷಿಯೇ ಹೆಚ್ಚಿತ್ತು. "ಮುರಿ ಅದರ ಕಿವಿ. ನೋಡಿಯೇ ಹೋಗ್ತೀನಿ."

ಸಮ್ಮಟಿಗೆ ತರಲು ಅವನು ಹಿಂದಿನ ಷೆಡ್ಡಿಗೆ ಹೋದ. ಕತ್ತಲಿಗೆ ಕಣ್ಣು ಹೊಂದುವ ಮೊದಲೇ ಮೈದುನ ಬಾಗಿಲಿಗೆ ಅಡ್ಡ ನಿಂತಿದ್ದ.

"ಬೆರಳಿಗೆ ಏನು ಸಿಕ್ತು, ಭಾವ?"

"ದಾರಿ ಬಿಡು."

"ಆ ಸದ್ದು ನನಗೂ ಕೇಳಿಸ್ತು. ನನ್ನ ಕಿವಿ ನಿಮ್ಮಷ್ಟು ದೊಡ್ಡದಲ್ಲ, ಆದ್ರೂ ಗಂಟೆಗೂ ಮಡಕೆಗೂ ವ್ಯತ್ಯಾಸ ಗೊತ್ತಾಗುತ್ತೆ." ತುಟಿಯ ಬದಿಯ ನಗು ಈಗ ಇರಲಿಲ್ಲ. "ನಮ್ಮಪ್ಪ ಗೇಟು ತೆಗೆದ, ಗೇಟು ತೆಗೆದ ಅಂತ ಹುಟ್ಟಿದಾಗಿನಿಂದ ಕೇಳ್ತಾ ಬಂದಿದ್ದೀನಿ. ಯಾರಿಗೆ ತೆಗೆದ ಅಂತ ಒಂದು ದಿನ ಕೇಳಿದ್ರಾ? ಗೇಟು ತೆಗೆದ್ರೆ ಯಾರಾದ್ರೂ ಒಳಗೆ ಹೋಗ್ಲೇಬೇಕಲ್ಲ, ಭಾವ. ಸುಮ್ನೆ ಗಾಳಿ ಬರ್ಲಿ ಅಂತ ಯಾರೂ ತೆಗೆಯಲ್ಲ."

"ಬಾಯ್ಮುಚ್ಚು."

"ಇಷ್ಟು ವರ್ಷ ಮುಚ್ಚೇ ಇದ್ದೆ. ಅಪ್ಪ ಸಾಯೋವಾಗ ಹೇಳಿದ, ನನಗೂ ಅಕ್ಕನಿಗೂ. ಅಕ್ಕ ಆಣೆ ಹಾಕಿಸ್ಕೊಂಡ್ಳು. ನಾನು ಆಣೆಗಾಗಿ ಸುಮ್ನಿದ್ದೆ ಅಂದ್ಕೋಬೇಡಿ. ಜಂಬ ಇರೋ ಆಳು ಅಗ್ಗಕ್ಕೆ ಸಿಗ್ತಾನೆ. ನಿಮ್ಮ ಸೊನ್ನೆ ಮೇಲೆ ನಾನು ಈ ಅಂಗಡಿ ಬೆಳೆಸಿದೆ, ನೀವು ನಿಮ್ಮಪ್ಪನ ಹೆಸರು ನೆಕ್ಕೊಂಡು ಮೇಲಿನ ಕೋಣೇಲಿ ಇದ್ರಿ. ಸಂಬಳ ಹೆಚ್ಚು ಮಾಡು ಅಂತ ಕೇಳೋಕೆ ಗೇಟು ಕಾಯೋನ ಮಗನ ಹತ್ರ ಕೈ ಚಾಚ್ಬೇಕಲ್ಲ, ಅದಕ್ಕೇ ಕೇಳ್ಲೇ ಇಲ್ಲ." ಅವನು ಪಕ್ಕಕ್ಕೆ ಸರಿದು ದಾರಿ ಬಿಟ್ಟ. "ಹೋಗಿ, ಮುರೀರಿ. ಮುರಿದ್ರೆ ನಾನೂ ಮರೀತೀನಿ."

ಹೆಂಡತಿಗೂ ಗೊತ್ತು. ಬಿರುಕನ್ನು ಗೋಡೆಯ ಕಡೆ ತಿರುಗಿಸಿ ಇಡುವವಳು. ತಾನು ಊಟಕ್ಕೆ ಕೂತು ಅವಳ ವಂಶವನ್ನು ಜಾಲಾಡುವಾಗ ಇನ್ನೊಂದು ಸೌಟು ಬಡಿಸುತ್ತಿದ್ದವಳು. ಅದು ಕರುಣೆಯಾಗಿದ್ದರೆ ಅವಳನ್ನು ಎಂದೂ ಕ್ಷಮಿಸಲಾರೆ ಎಂದುಕೊಂಡ. ಅಂಗಳಕ್ಕೆ ಬಂದಾಗ ಬಿಸಿಲು ಏರಿತ್ತು, ಬೀದಿಯ ನಾಲ್ಕಾರು ಮೆಕ್ಯಾನಿಕ್ಕುಗಳು ಕಟ್ಟಳೆ ನೋಡಲು ಸೇರಿದ್ದರು. ತಲೆಯೆತ್ತಿದರೆ ಮೇಲಿನ ಕಿಟಕಿಯಲ್ಲಿ ಅವಳು. ಅವನು ಸಮ್ಮಟಿಗೆಯನ್ನು ಹೆಗಲ ಮೇಲಿನಿಂದ ಬೀಸಿ ಕಿವಿಗೆ ಇಳಿಸಿದ.

ಮುರಿಯಲಿಲ್ಲ. ಇಡೀ ಅಂಗಳ ಗಂಟೆಯಾಯಿತು. ಸದ್ದು ತಗಡಿನ ಮಾಡಿಗೆ ಬಡಿದು, ಗೋಡೆಗೆ ಬಡಿದು, ಬೀದಿಗೆ ಹರಿದು, ಎದುರಿನ ಅಂಗಡಿಯವರೂ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು ಬಂದರು. ಎರಡನೆಯ ಪೆಟ್ಟು. ಕೈಯ ಮೂಳೆಗಳು ಜುಂ ಎಂದವು, ಕಬ್ಬಿಣ ಹಾಡಿತು. ಆ ಬೀದಿಯಲ್ಲಿ ಹುಟ್ಟಿದ ಕೂಸಿಗೂ ಆ ದನಿಯ ಅರ್ಥ ಗೊತ್ತು. ಅವನು ಹೊಡೆಯುತ್ತಲೇ ಹೋದ, ಕಿವಿಗೆ, ಪಕ್ಕೆಗೆ, ನೀರಿನ ಕಿಂಡಿಯ ಅಂಚಿಗೆ. ಒಳಗೆ ನಿಂತಿದ್ದ ಆ ಹೆಬ್ಬೆರಳನ್ನು ಹೊರಗೆಳೆದು ಜಜ್ಜಬೇಕು. ದ್ರೋಹ ಮಾಡುವಾಗಲಾದರೂ ಕೆಲಸ ಕೆಡಿಸಬಾರದಿತ್ತೇ, ಅಪ್ಪ? ಧಣಿಯ ಅನ್ನ ತಿಂದು ಒಂದಾದರೂ ತಿರುಳನ್ನು ಬೇಕೆಂದೇ ಜಾರಿಸಬಾರದಿತ್ತೇ? ಕಳ್ಳನಂತೆ ನುಗ್ಗಿ, ಅಲ್ಲಿಯೂ ಹದ ನೋಡಿ, ಸಹಿ ಹಾಕಿ ಬಂದೆಯಾ?

"ನಿಲ್ಸೋ!" ಕಾರ್ಯದರ್ಶಿ ಕೋಲು ಕುಟ್ಟಿದರು. "ಏನೋ ಇದು? ಇದು ಕೆಟ್ಟ ಕಬ್ಬಿಣದ ದನಿಯಲ್ಲವಲ್ಲೋ. ಇಂಥದಕ್ಕೆ ಕತ್ತರಿ ಹಾಕಿದ್ಯಲ್ಲ, ಯಾಕೆ ಹಾಕಿದೆ? ಹೇಳು."

ಎಲ್ಲರೂ ಅವನ ಬಾಯಿ ನೋಡಿದರು. ಮೈದುನ ನೋಡಿದ. ಮೇಲಿನ ಕಿಟಕಿ ನೋಡಿತು. ಹೇಳಬಹುದಿತ್ತು, ಕಿಂಡಿಯಲ್ಲಿ ಬೆರಳು ಹಾಕಿ ನೋಡಿ ಎಂದು. ಮುಂದಿನ ವರ್ಷ ಪಾಳು ಗೇಟಿನ ಮುಂದೆ ಒಂದು ಹೆಸರು ಕಮ್ಮಿ ಕೂಗುತ್ತಾರೆ, ಅಷ್ಟೇ.

"ಕೇಳಿಸ್ಲಿಲ್ಲ," ಎಂದ.

"ಏನು?"

"ಕಿವಿ ಹೋಗಿದೆ ನಂದು. ಬಹಳ ದಿನ ಆಯ್ತು. ಯಾರಿಗೂ ಹೇಳಿರ್ಲಿಲ್ಲ."

ಯಾರೋ ಮೊದಲು ಮೂಗಿನಲ್ಲಿ ನಕ್ಕರು. "ಬ್ಲಾಕಿನ ಕಿವಿ ಮುರಿಯೋಕೆ ಹೋಗಿ ಠಣ್ಣಣ್ಣನ ಕಿವಿ ಮುರೀತಲ್ಲಪ್ಪೋ!" ಎಂದು ಗೂಡ್ಸ್ ಗಾಡಿಯವನು ಎದುರಿಗೇ ಅಂದುಬಿಟ್ಟ. ಆಮೇಲೆ ತಡೆಯಿರಲಿಲ್ಲ. ಹಾಗಾದರೆ ಹೋದ ತಿಂಗಳು ತನಗೆ ಕೊಟ್ಟದ್ದು ಹೇಗೋ ಏನೋ ಎಂದು ಒಬ್ಬ ಗೊಣಗಿದ. ಕಿವುಡನ ಮಾತು ನಂಬಿ ಎಷ್ಟು ಒಳ್ಳೆಯ ಬ್ಲಾಕುಗಳ ಕಿವಿ ಹೋದವೋ ಎಂದು ಇನ್ನೊಬ್ಬ. ಮೈದುನ ಒದ್ದೆ ಬಟ್ಟೆಯಿಂದ ಕತ್ತರಿ ಗುರುತನ್ನು ಒರೆಸಿ, ನೆಲದಲ್ಲಿ ಬಿದ್ದಿದ್ದ ಸೀಮೆಸುಣ್ಣ ಎತ್ತಿಕೊಂಡು ತಾನೇ ಸೊನ್ನೆ ಸುತ್ತಿದ. ಅವನ ಸೊನ್ನೆ ಸೊಟ್ಟಗಿತ್ತು. ಯಾರೂ ಆಕ್ಷೇಪಿಸಲಿಲ್ಲ.

"ತುಂಬಿ ಗಾಡಿಗೆ," ಎಂದರು ಕಾರ್ಯದರ್ಶಿ. "ನಮ್ಮ ಹೊಟ್ಟೆ ಮೇಲೆ ಹೊಡೆದು ಮಾಡಿದ ಮಾಲು. ಇನ್ನು ನಮ್ಮ ಗಾಡಿ ಎಳೆದು ಋಣ ತೀರಿಸ್ಲಿ." ಹೋಗುವ ಮುನ್ನ ಹತ್ತಿರ ಬಂದು, ಕಿವುಡನಿಗೆ ಹೇಳುವಂತೆ, ಕೂಗಿ ಹೇಳಿದರು: "ಬೇಜಾರು ಮಾಡ್ಕೋಬೇಡ ಮಗನೇ! ವಯಸ್ಸು ಯಾರಪ್ಪನ ಮನೇದು? ನಿಮ್ಮಪ್ಪ ಇದ್ದಿದ್ರೆ ಒಂದೇ ಏಟಿಗೆ ಹೇಳಿಬಿಡೋನು, ಇದು ಯಾರ ಕೈ ಅಂತ!"

ಅವನು ಕೇಳಿಸದವನಂತೆ ನಿಂತಿದ್ದ. ಎಲ್ಲವೂ ಕೇಳಿಸುತ್ತಿತ್ತು. ರಾಟೆಯ ಸರಪಳಿ, ಗಾಡಿಯ ಸ್ಪ್ರಿಂಗ್ ಪಟ್ಟಿಗಳ ನರಳಾಟ, ಮೇಲೆ ಕಿಟಕಿ ಮುಚ್ಚಿದ ಸದ್ದು, ಹಿಂದೆಯೇ ಅಡುಗೆಮನೆಯಲ್ಲಿ ಪಿಂಗಾಣಿ ಬಟ್ಟಲು ಒಡೆದ ಸದ್ದು. ಬಿದ್ದದ್ದಲ್ಲ, ಎಸೆದದ್ದು. ಆ ಎರಡರ ದನಿ ಬೇರೆ.

ಗೂಡ್ಸ್ ಗಾಡಿ ತಿರುಗಿ ಮೂತಿಯನ್ನು ಬೀದಿಯ ಕಡೆ ಮಾಡಿ ಹಾರನ್ನು ಹೊಡೆಯಿತು. ಗಾಡಿಯ ಪಕ್ಕ ನಿಂತಿದ್ದ ಮೈದುನ ಕೈಯೊರೆಸಿಕೊಂಡ, ತುಟಿಯ ಒಂದು ಬದಿಯಲ್ಲಿ ನಕ್ಕ. ದನಿ ಏರಿಸಲಿಲ್ಲ, ಮೆಲ್ಲಗೇ ಹೇಳಿದ:

"ಭಾವ, ಸ್ವಲ್ಪ ಗೇಟು ತೆಗೀರಿ."

ಅವನು ಹೋಗಿ ತೆಗೆದ.